ಆಸ್ಪತ್ರೆ ನಡೆಸೋರಿಗೆ ಶಾಲೆ ಯಾಕೆ ಬೇಕು?

ಬಿಳಿಗಿರಿರಂಗನ ಬೆಟ್ಟದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅಲ್ಲಾ ಮೇಡಂ, ಡಾಕ್ಟರು ಕಟ್ಟಿದ ಸಂಸ್ಥೆ ಅಂತೀರಿ. ಆಸ್ಪತ್ರೆ ಚೆನ್ನಾಗಿ ನಡೆಸಿದ್ರೆ ಸಾಕಲ್ವಾ? ಶಾಲೆ, ಹಾಸ್ಟೆಲ್ಲು, ಕಾಡಿನ ಹಕ್ಕು ಅಂತ ಎಲ್ಲದಕ್ಕೂ ಯಾಕೆ ಕೈ ಹಾಕ್ತಾರೆ?" ದುಡ್ಡು ಕೊಡುವ ಮನಸ್ಸಿರುವವರೂ ಕೇಳುತ್ತಾರೆ, ಅನುಮಾನ ಇರುವವರೂ ಕೇಳುತ್ತಾರೆ.

ನನ್ನ ಉತ್ತರ ಇಷ್ಟೇ: ಶಾಲೆ ಇಲ್ಲದೇ ಹೋಗಿದ್ದರೆ ಆ ಆಸ್ಪತ್ರೆ ಅರ್ಧ ಕೆಲಸವನ್ನೂ ಮಾಡಲು ಆಗುತ್ತಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಕೇಂದ್ರ ಶುರುವಾಗಿದ್ದು 1981ರಲ್ಲಿ. ಕಟ್ಟಿದವರು ಡಾ. ಎಚ್. ಸುದರ್ಶನ್. ಬೆಂಗಳೂರಿನ ಯಮಲೂರಿನವರು. ಚಿಕ್ಕ ಹುಡುಗನಾಗಿದ್ದಾಗಲೇ, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗದೆ ಅಪ್ಪನನ್ನು ಕಳೆದುಕೊಂಡವರು. ಡಾಕ್ಟರಾದ ಮೇಲೆ ಬೆಟ್ಟಕ್ಕೆ ಬಂದು ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ನಡುವೆ ನೆಲೆ ನಿಂತರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂತು. ಅದಿರಲಿ, ನನಗೆ ದೊಡ್ಡದಾಗಿ ಕಾಣುವುದು ಅವರು ಮೊದಲ ವರ್ಷಗಳಲ್ಲಿ ಪೋಡಿಂದ ಪೋಡಿಗೆ ನಡೆದಿದ್ದು. ಪೋಡು ಅಂದರೆ ಸೋಲಿಗರ ಊರು. ಕಾಡಿನ ಒಳಗೆ ಅಲ್ಲಿಷ್ಟು ಇಲ್ಲಿಷ್ಟು ಮನೆ. ಡಾಕ್ಟರು ಬಂದಿದ್ದಾರೆ ಅಂದ ಮಾತ್ರಕ್ಕೆ ಜನ ಓಡಿ ಬರಲಿಲ್ಲ. ಯಾಕೆ ಬರಬೇಕು ಹೇಳಿ? ಹೊರಗಿನಿಂದ ಬಂದವರಿಂದ ಅವರಿಗೆ ಅಲ್ಲಿಯವರೆಗೆ ಒಳ್ಳೆಯದಾಗಿದ್ದು ಕಡಿಮೆ.

ಈಗ ಶಾಲೆಯ ವಿಷಯಕ್ಕೆ ಬರೋಣ. ಅದೂ ಶುರುವಿನಲ್ಲೇ, ಬೆರಳೆಣಿಕೆಯಷ್ಟು ಮಕ್ಕಳಿಂದ ಆರಂಭವಾಯಿತು. ಬೆಳೆದು ಹೈಸ್ಕೂಲಾಯಿತು, ಪಿಯುಸಿವರೆಗೂ ಹೋಯಿತು. ಇದಕ್ಕೂ ಆಸ್ಪತ್ರೆಗೂ ಏನು ಸಂಬಂಧ?

ಪೋಡಿನ ಹತ್ತಿರ ಒಂದು ಆರೋಗ್ಯ ಉಪಕೇಂದ್ರ ನಡೆಯಬೇಕು ಅಂದರೆ ಅಲ್ಲಿ ಒಬ್ಬರು ಎಎನ್‌ಎಂ ಇರಬೇಕು. ನಮ್ಮ ಕಡೆ ಎಲ್ಲರೂ ನರ್ಸಮ್ಮ ಅಂತಾರಲ್ಲ, ಅವರು. ಬಸುರಿಯ ಬಿಪಿ ನೋಡೋದು, ಕಬ್ಬಿಣದ ಮಾತ್ರೆ ಕೊಡೋದು, ಮಗುವಿಗೆ ಲಸಿಕೆ ಹಾಕೋದು, ಹೆರಿಗೆ ಕಷ್ಟ ಆಗುತ್ತೆ ಅನ್ನಿಸಿದರೆ ಹೊತ್ತಿಗೆ ಮುಂಚೆ ಆಸ್ಪತ್ರೆಗೆ ಕಳಿಸೋದು, ಎಲ್ಲ ಅವರೇ. ಪೇಟೆಯಲ್ಲಿ ಬೆಳೆದ ಹುಡುಗಿಯನ್ನು ಕಾಡೊಳಗಿನ ಪೋಡಿಗೆ ಹಾಕಿದರೆ ಎಷ್ಟು ದಿನ ಇರುತ್ತಾಳೆ? ಸಂಜೆ ಆದ ಮೇಲೆ ಆನೆ ಓಡಾಡುವ ದಾರಿ, ಬಸ್ಸು ಅಪರೂಪ. ಆಕೆಯದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ಹುದ್ದೆ ಖಾಲಿ ಬಿದ್ದರೆ ಅದರ ಪೆಟ್ಟು ಬೀಳೋದು ಬಸುರಿಗೆ. ಅದೇ ಪೋಡಿನಲ್ಲಿ ಹುಟ್ಟಿದ ಹುಡುಗಿಯೇ ನರ್ಸಮ್ಮ ಆದರೆ? ಅವಳಿಗೆ ಆ ದಾರಿ ಗೊತ್ತು, ಸೋಲಿಗರ ನುಡಿ ಗೊತ್ತು, ಯಾವ ಮನೆಯ ಅಜ್ಜಿಯನ್ನು ಮೊದಲು ಒಪ್ಪಿಸಬೇಕು ಅನ್ನೋದೂ ಗೊತ್ತು. ಅದಕ್ಕೇ ಕೇಂದ್ರದವರು ಬುಡಕಟ್ಟಿನ ಹೆಣ್ಣುಮಕ್ಕಳನ್ನೇ ಆರಿಸಿ ಎಎನ್‌ಎಂ ತರಬೇತಿ ಕೊಟ್ಟರು. ಆ ತರಬೇತಿಗೆ ಸೇರಬೇಕು ಅಂದರೆ ಈಗ ಪಿಯುಸಿ ಪಾಸಾಗಿರಬೇಕು. ಪಿಯುಸಿ ಪಾಸಾಗಬೇಕು ಅಂದರೆ ಒಂದನೇ ಕ್ಲಾಸಿನಿಂದ ಶಾಲೆ ಬೇಕು, ಮನೆ ದೂರ ಇರೋದರಿಂದ ಹಾಸ್ಟೆಲ್ ಬೇಕು. ಇವತ್ತು ಸ್ಲೇಟು ಹಿಡಿದ ಮಗು ನರ್ಸಮ್ಮ ಆಗಿ ಪೋಡಿಗೆ ವಾಪಸು ಬರೋಕೆ ಹದಿನೈದು ವರ್ಷ ಹಿಡಿಯುತ್ತೆ. ಅಷ್ಟು ದೂರ ಯೋಚಿಸಿದ್ದು ದೊಡ್ಡದು, ಅಲ್ವಾ?

ಹೆರಿಗೆಯ ಮಾತು ಬಂತಲ್ಲ, ಅದರಲ್ಲೇ ಇನ್ನೊಂದು ವಿಷಯ. ಸೋಲಿಗ ಹೆಂಗಸರು ಹಿಂದಿನಿಂದಲೂ ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದವರು. ಮೆಡಿಕಲ್ ಕಾಲೇಜಿನಲ್ಲಿ ಕಲಿಸೋದು ಮಂಚದ ಮೇಲೆ ಮಲಗಿಸಿ ಹೆರಿಗೆ ಮಾಡಿಸೋದನ್ನ. ಡಾ. ಸುದರ್ಶನ್ ಇದು ತಪ್ಪು, ಬಿಡಿ ಅನ್ನಲಿಲ್ಲ. ಕೂತು ಹೆರುವಾಗ ಮಗುವಿನ ಭಾರವೇ ಕೆಳಗಿಳಿಯೋಕೆ ನೆರವಾಗುತ್ತೆ ಅನ್ನೋದನ್ನು ಅವರಿಂದಲೇ ಕಲಿತರು. ಸೂಲಗಿತ್ತಿಯರನ್ನು ದೂರ ಇಡದೆ ಜೊತೆಗೆ ಸೇರಿಸಿಕೊಂಡರು. ಕೈ ತೊಳೆಯೋದು, ಹೊಕ್ಕುಳಬಳ್ಳಿಗೆ ಶುದ್ಧವಾದ ಬ್ಲೇಡು, ರಕ್ತ ಜಾಸ್ತಿ ಹೋದರೆ ತಡ ಮಾಡದೆ ಆಸ್ಪತ್ರೆಗೆ, ಇಷ್ಟು ಸೇರಿದರೆ ಹಳೆಯ ತಿಳಿವಳಿಕೆಯೂ ಉಳಿಯುತ್ತೆ, ತಾಯಿ ಮಗುವೂ ಉಳಿಯುತ್ತಾರೆ.

ಶಾಲೆ ಬೇಕು ಅನ್ನೋಕೆ ನನಗಿರುವ ಇನ್ನೊಂದು ಕಾರಣ ಸಿಕಲ್ ಸೆಲ್ ಕಾಯಿಲೆ. ಇದು ರಕ್ತದ ಕಾಯಿಲೆ, ತಂದೆತಾಯಿಯಿಂದ ಬರೋದು. ಕೆಂಪು ರಕ್ತಕಣ ದುಂಡಗಿರೋ ಬದಲು ಕುಡುಗೋಲಿನ ಹಾಗೆ ಬಾಗುತ್ತೆ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಆಗ ಮೂಳೆ, ಕೀಲು, ಹೊಟ್ಟೆಯಲ್ಲಿ ತಡೆಯೋಕಾಗದ ನೋವು. ಸೋಲಿಗರೂ ಸೇರಿದಂತೆ ದೇಶದ ಅನೇಕ ಬುಡಕಟ್ಟುಗಳಲ್ಲಿ ಇದು ಇದೆ. ಗಂಡ ಹೆಂಡತಿ ಇಬ್ಬರಲ್ಲೂ ಈ ಅಂಶ ಒಂದೊಂದು ಪಾಲು ಇದ್ದರೆ, ಅವರಿಗೆ ಏನೂ ತೊಂದರೆ ಕಾಣದೇ ಇರಬಹುದು. ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಮಾತ್ರ ನಾಲ್ಕರಲ್ಲಿ ಒಂದು. ಇದನ್ನು ಮದುವೆ ಗೊತ್ತಾದ ಮೇಲೆ ಹೇಳಿ ಏನು ಪ್ರಯೋಜನ? ಓದುವ ವಯಸ್ಸಿನಲ್ಲೇ ರಕ್ತ ಪರೀಕ್ಷೆ ಆಗಬೇಕು, ನಿಧಾನವಾಗಿ ತಿಳಿಸಿ ಹೇಳಬೇಕು. ಕಾಯಿಲೆ ಇರುವ ಮಗು ನೀರು ಜಾಸ್ತಿ ಕುಡಿಯಬೇಕು, ಚಳಿಯಲ್ಲಿ ಬೆಚ್ಚಗಿರಬೇಕು, ಜ್ವರ ಬಂದರೆ ಸುಮ್ನೆ ಕಾಯಬಾರದು. ತಿಂಗಳಿಗೊಮ್ಮೆ ನೋಡುವ ಡಾಕ್ಟರಿಗಿಂತ ದಿನಾ ನೋಡುವ ಮೇಷ್ಟರಿಗೆ, ಹಾಸ್ಟೆಲ್ ವಾರ್ಡನ್‌ಗೆ ಇದೆಲ್ಲ ಬೇಗ ಕಣ್ಣಿಗೆ ಬೀಳುತ್ತೆ. ಆಟದ ಹೊತ್ತಲ್ಲಿ ಒಬ್ಬನೇ ಮೂಲೆಯಲ್ಲಿ ಕಾಲು ಹಿಡಿದು ಕೂರುವ ಹುಡುಗ ಸೋಮಾರಿ ಅಲ್ಲ ಅಂತ ಗೊತ್ತಿರುವ ಮೇಷ್ಟರು ಬೇಕು. ದೇಶದ ಮಟ್ಟದಲ್ಲಿ ಸಿಕಲ್ ಸೆಲ್ ನಿರ್ಮೂಲನೆಗೆ ಅಭಿಯಾನ ಶುರುವಾಗಿದ್ದು 2023ರಲ್ಲಿ.

ಬೆಟ್ಟದ ಕೆಳಗೆ, ಯಳಂದೂರು ಬಯಲಿನಲ್ಲಿ ಬೇರೆಯದೇ ಕಥೆ. ಅಲ್ಲಿ ಕುಷ್ಠರೋಗ ವಿಪರೀತ ಇತ್ತು. ಅದಕ್ಕಾಗಿಯೇ 1986ರಲ್ಲಿ ಡಾ. ಸುದರ್ಶನ್ ಅವರ ಇನ್ನೊಂದು ಸಂಸ್ಥೆ, ಕರುಣಾ ಟ್ರಸ್ಟ್ ಹುಟ್ಟಿದ್ದು. ಮನೆ ಮನೆಗೆ ಹೋಗಿ, ಸ್ಪರ್ಶ ಗೊತ್ತಾಗದ ಬಿಳಿಚಿದ ಮಚ್ಚೆ ಹುಡುಕಿ, ಬಹುಔಷಧ ಚಿಕಿತ್ಸೆ ಪೂರ್ತಿ ಮುಗಿಸುವ ಹಾಗೆ ನೋಡಿಕೊಂಡರು. ಹಾಗೆ ಹೋದ ಮನೆಗಳಲ್ಲೇ ಮೂರ್ಛೆರೋಗದವರೂ ಎದುರಾದರು. ಯಳಂದೂರು ಕಡೆ ಬಿಸಿನೀರಿನ ಮೂರ್ಛೆ ಅಂತ ಒಂದಿದೆ, ಗೊತ್ತಾ? ಹಂಡೆಯ ಸುಡುಸುಡು ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದುಕೊಳ್ಳುವಾಗ ಫಿಟ್ಸ್ ಬರುತ್ತೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋದು, ಕೈಗೆ ಬೀಗದ ಕೈ ಕೊಡೋದು ನಡೆದೇ ಇತ್ತು. ನೀರಿನ ಬಿಸಿ ಕಡಿಮೆ ಮಾಡಿ, ಬೇಕಾದವರಿಗೆ ಮಾತ್ರೆ ಕೊಟ್ಟರೆ ಎಷ್ಟೋ ಜನರಿಗೆ ನಿಲ್ಲುತ್ತೆ. ಸಾಮಾನ್ಯ ಮೂರ್ಛೆರೋಗದ ಬಗ್ಗೆಯೂ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಗಾರರು ಇದೇ ತಾಲೂಕಿನಲ್ಲಿ ಅಧ್ಯಯನ ಮಾಡಿದರು. ಫಿನೋಬಾರ್ಬಿಟೋನ್‌ನಂಥ ಹಳೆಯ, ಅಗ್ಗದ ಮಾತ್ರೆಯಿಂದಲೇ ಹಳ್ಳಿಯ ಜನರ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿದರು. ಅದು 2001ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಕಾಡಿನ ಹಕ್ಕಿನ ವಿಷಯದಲ್ಲಿ ತಕರಾರು ಜಾಸ್ತಿ. "ಅದು ರಾಜಕೀಯ ಅಲ್ವಾ?" ಅಂತಾರೆ. ನನಗದು ಊಟದ ವಿಷಯ. ಬೆಟ್ಟ 1974ರಲ್ಲಿ ವನ್ಯಜೀವಿಧಾಮ ಆಯಿತು. ಸೋಲಿಗರು ಮೊದಲಿನ ಹಾಗೆ ಜಾಗ ಬದಲಿಸುತ್ತಾ ಬೇಸಾಯ ಮಾಡೋದು ನಿಂತಿತು. ಆಮೇಲೆ ಜೇನು, ನೆಲ್ಲಿಕಾಯಿ, ಮರದ ಪಾಚಿ ತಂದು ಮಾರೋದಕ್ಕೂ ತಡೆ ಬಿತ್ತು. ಗೆಡ್ಡೆ, ಸೊಪ್ಪು, ಜೇನು, ರಾಗಿ ಉಣ್ಣುತ್ತಿದ್ದ ಮನೆಗೆ ಬರೀ ರೇಷನ್ ಅಕ್ಕಿ ಉಳಿದರೆ ಆ ಮನೆಯ ಹೆಂಗಸಿಗೆ ರಕ್ತ ಎಲ್ಲಿಂದ ಬರಬೇಕು? ಕಬ್ಬಿಣದ ಮಾತ್ರೆ ಎಷ್ಟು ದಿನ ಕೊಡ್ತೀರಿ? 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಹಕ್ಕು ಪಡೆದವರಲ್ಲಿ ಇವರು ಮೊದಲಿಗರು. ಆ ಹೋರಾಟ ಮಾಡಿದ್ದು ಸೋಲಿಗರೇ. ಅರ್ಜಿ ಬರೆದು, ನಕ್ಷೆ ಹಿಡಿದು, ಅಧಿಕಾರಿಯ ಮುಂದೆ ಕೂತು ಮಾತಾಡಿದವರಲ್ಲಿ ಈ ಶಾಲೆಯಲ್ಲಿ ಓದಿದವರೂ ಇದ್ದರು.

"ಇದೆಲ್ಲ ಸರ್ಕಾರದ ಕೆಲಸ ಅಲ್ವಾ?" ಹೌದು, ಸರ್ಕಾರದ್ದೇ. ಅದಕ್ಕೇ 1996ರಲ್ಲಿ ಯಳಂದೂರು ತಾಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಕರುಣಾ ಟ್ರಸ್ಟ್ ನಡೆಸೋಕೆ ತೆಗೆದುಕೊಂಡಿತು. ಪಕ್ಕದಲ್ಲಿ ಇನ್ನೊಂದು ಆಸ್ಪತ್ರೆ ಕಟ್ಟೋದಕ್ಕಿಂತ ಇರೋದನ್ನೇ ನೆಟ್ಟಗೆ ನಡೆಸಿ ತೋರಿಸೋದು ಒಳ್ಳೆಯದು ಅಂತ ನನಗೂ ಅನ್ನಿಸುತ್ತೆ.

ಕೊನೆಗೆ ಬರೋದು "ನಾವೇನು ಮಾಡಬಹುದು?" ಅನ್ನೋ ಮಾತು. ಇಂಥ ಯಾವುದೇ ಸಂಸ್ಥೆಗಾಗಲಿ, ಹೆಸರು ಕೆತ್ತಿಸೋ ಕಟ್ಟಡಕ್ಕೆ ಕೊಡುವವರು ಸಿಗುತ್ತಾರೆ. ನರ್ಸಿನ ಸಂಬಳ, ಜೀಪಿನ ಡೀಸೆಲ್, ಪ್ರಯೋಗಾಲಯದ ಸಾಮಾನು, ಇವುಗಳಿಗೆ ಕೊಡುವವರು ಕಡಿಮೆ. ಅದಕ್ಕೆ ಕೊಡಿ. ಒಂದೇ ಸಲ ದೊಡ್ಡ ಮೊತ್ತ ಬೇಕಿಲ್ಲ, ತಿಂಗಳು ತಿಂಗಳು ಸ್ವಲ್ಪ ಬಂದರೆ ಅವರಿಗೆ ಲೆಕ್ಕ ಹಾಕೋಕೆ ಅನುಕೂಲ. ನೀವು ಮೆಡಿಕಲ್ ಅಥವಾ ನರ್ಸಿಂಗ್ ಓದುತ್ತಿದ್ದರೆ ಮೊದಲೇ ಬರೆದು ಕೇಳಿ, ಕೆಲವು ವಾರ ಹೋಗಿ ಇದ್ದು ಕೆಲಸ ಕಲಿಯಿರಿ. ಇನ್ನು, ಹುಡುಗಿಯೊಬ್ಬಳ ನರ್ಸಿಂಗ್ ಓದಿನ ಖರ್ಚು ಹೊರುವ ಶಕ್ತಿ ನಿಮಗಿದ್ದರೆ, ಬೇರೆ ಏನನ್ನೂ ಯೋಚಿಸಬೇಡಿ, ಮೊದಲು ಅದನ್ನು ಮಾಡಿ.