ಕೊಡಗಿನ ಎರಡು ಸೀಟು

2023ರ ಮೇ 13, ವಿಧಾನಸಭೆ ಚುನಾವಣೆಯ ಮತ ಎಣಿಕೆಯ ದಿನ. ನಮ್ಮ ಗೋಣಿಕೊಪ್ಪದಲ್ಲಿ ಎಲ್ಲರ ಕಣ್ಣೂ ಟಿವಿ ಮೇಲೆ. 2008, 2013, 2018, ಮೂರು ಸಲವೂ ಮಡಿಕೇರಿ ಕ್ಷೇತ್ರ ಬಿಜೆಪಿಯ ಅಪ್ಪಚ್ಚು ರಂಜನ್ ಅವರದು, ವಿರಾಜಪೇಟೆ ಅದೇ ಪಕ್ಷದ ಬೋಪಯ್ಯನವರದು. ಆ ಸಲ ಎರಡೂ ಬಿಜೆಪಿ ಕೈತಪ್ಪಿದವು. ಮಂತರ್ ಗೌಡ, ಪೊನ್ನಣ್ಣ ಇಬ್ಬರೂ ಕಾಂಗ್ರೆಸ್‌ನಿಂದ ಗೆದ್ದರು. ಪೊನ್ನಣ್ಣನವರ ತಂದೆ ಎ.ಕೆ. ಸುಬ್ಬಯ್ಯ ಕರ್ನಾಟಕ ಬಿಜೆಪಿಯ ಮೊದಲ ಅಧ್ಯಕ್ಷರಾಗಿದ್ದವರು ಅಲ್ವಾ!

ರಾಜ್ಯದಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಸೀಟು. ಆದರೆ ಬಿಜೆಪಿಯ ಮತಪಾಲು ಹೆಚ್ಚು ಕಡಿಮೆ 2018ರಷ್ಟೇ, ಶೇಕಡಾ 36ರ ಆಸುಪಾಸು. ಜೆಡಿಎಸ್ ಸುಮಾರು 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ 38ರಿಂದ 43ಕ್ಕೆ ಏರಿತು. ಹಾಗಾಗಿ ಬಿಜೆಪಿ ಕುಸಿದೇ ಹೋಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೊಡಗಿನಲ್ಲೂ ಗೆಲುವಿನ ಅಂತರ ಕೆಲವು ಸಾವಿರವಷ್ಟೇ.

ನನಗೆ ಬೇಸರ ಬೇರೆಯದು. 1952ರಲ್ಲಿ ಕೊಡಗೇ ಒಂದು ರಾಜ್ಯ. ಮಡಿಕೇರಿಯಲ್ಲೇ 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಈಗ 224ರಲ್ಲಿ ನಮ್ಮ ಪಾಲು ಎರಡೇ. ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಯಿತು. ತೋಟಕ್ಕೆ ಆನೆ ನುಗ್ಗುತ್ತದೆ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಸ್ವಂತ ಜಾಗ ಇಲ್ಲ. ಇದನ್ನೆಲ್ಲ ಬೆಂಗಳೂರಿನಲ್ಲಿ ಹೇಳಲು ಇಬ್ಬರೇ. ಪಕ್ಷ ಯಾವುದೇ ಇರಲಿ, ಈ ವಿಷಯಗಳಲ್ಲಿ ಅವರು ಸದನದಲ್ಲಿ ಜೋರಾಗಿ ಮಾತಾಡಲೇಬೇಕು. ಮುಂದಿನ ಸಲ ನಾನು ವೋಟು ಹಾಕುವುದು ಅದನ್ನು ನೋಡಿಯೇ.