ಕಡಿಮೆ ಖರ್ಚಿನ ಫೋನು, ಫ್ಯಾಕ್ಸು: ನನ್ನನ್ನು ಕೇಳುವ ಮೊದಲು ಇದನ್ನು ಓದಿ

"ಚಿಕ್ಕ ಆಫೀಸು, ನಾಲ್ಕೇ ಜನ. ಕಡಿಮೆ ಖರ್ಚಲ್ಲಿ ಒಂದು ಫೋನು, ಒಂದು ಫ್ಯಾಕ್ಸು ಬೇಕು. ಯಾವುದು ತಗೊಳ್ಳಲಿ?"

ಆಫೀಸುಗಳಿಗೆ ಫೋನ್ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಬಸ್ಸಲ್ಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ. ಇಷ್ಟು ವರ್ಷ ನಿಂತು ವಿವರಿಸಿದೆ. ಇನ್ನು ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಬರೆದೇ ಬಿಡುತ್ತೇನೆ.

ಅವಸರದಲ್ಲಿ ಇರುವವರಿಗೆ ಮೊದಲೇ ಹೇಳುತ್ತೇನೆ. ತಿಂಗಳಿಗೆ ಹತ್ತಿಪ್ಪತ್ತು ಹಾಳೆ ಫ್ಯಾಕ್ಸ್ ಬರುವುದಾದರೆ ಯಂತ್ರವನ್ನೇ ಕೊಳ್ಳಬೇಡಿ. ಇಂಟರ್‌ನೆಟ್ ಫ್ಯಾಕ್ಸ್ ನಂಬರ್ ಒಂದು ತಗೊಳ್ಳಿ. ಬಂದದ್ದು ಪಿಡಿಎಫ್ ಆಗಿ ಇಮೇಲಿಗೆ ಬೀಳುತ್ತದೆ. ಕಳಿಸುವುದನ್ನು ಸ್ಕ್ಯಾನ್ ಮಾಡಿ ಕಳಿಸಬಹುದು. ದಿನವೂ ಕಟ್ಟುಗಟ್ಟಲೆ ಹಾಳೆ ಬರುತ್ತಿದ್ದರೆ, ಹಳೆಯ ತಾಮ್ರದ ತಂತಿಯ ಫೋನ್ ಲೈನ್ ಇನ್ನೂ ಇದ್ದರೆ, ಅದನ್ನು ಫ್ಯಾಕ್ಸಿಗೆ ಮಾತ್ರ ಬಿಡಿ. ಮಾತಿಗೆ ಇಂಟರ್‌ನೆಟ್ ಫೋನ್ ಸಾಕು, ನಿಮ್ಮ ನೆಟ್ ಪದೇ ಪದೇ ಕೈಕೊಡದಿದ್ದರೆ.

ಇಷ್ಟು ಹೇಳಿದರೂ ಜನರಿಗೆ ಸಮಾಧಾನ ಆಗುವುದಿಲ್ಲ. ಅವರಿಗೆ ಯಂತ್ರದ ಹೆಸರು ಬೇಕು. ನನಗೆ ಸಿಟ್ಟು ಬರುವುದು ಅಲ್ಲೇ. ಯಂತ್ರ ಕೊಳ್ಳುವುದು ಒಂದು ಸಲ. ಲೈನಿಗೆ ತಿಂಗಳು ತಿಂಗಳೂ ಕಟ್ಟಬೇಕು, ಇಂಕಿಗೆ ಆಗಾಗ ಕೊಡಬೇಕು. ಸುರುಳಿ ಕಾಗದದ ಅಗ್ಗದ ಯಂತ್ರ ತಂದವರು ನನಗೆ ಗೊತ್ತು. ಅದು ಬಿಸಿಗೆ ಕಪ್ಪಾಗುವ ಕಾಗದ. ಅಕ್ಷರ ಬರುಬರುತ್ತಾ ಮಾಸಿಹೋಗುತ್ತದೆ. ಫೈಲಿನಲ್ಲಿಟ್ಟ ಒಪ್ಪಂದ ಬೇಕಾದಾಗ ತೆಗೆದರೆ ಬರೀ ಕಾಗದ. ಅದು ಕಡಿಮೆ ಖರ್ಚಾ?

ಒಂದು ಆಫೀಸಿನ ಕಥೆ ಹೇಳಲೇಬೇಕು. ಐದು ಜನ, ಕೋರ್ಟಿನ ಕಾಗದಪತ್ರದ ಕೆಲಸ. ಅಲ್ಲಿಯ ಯಜಮಾನರು ಫೋನ್ ಮಾಡಿ, "ಫ್ಯಾಕ್ಸ್ ಕೆಟ್ಟಿದೆ, ಕಡಿಮೆ ಬೆಲೆಯ ಹೊಸದೊಂದು ಹೇಳಿ" ಎಂದರು. ಕಳಿಸಿದ್ದು ಹೋಗುತ್ತಿತ್ತು, ಬರುವುದು ಬರುತ್ತಿರಲಿಲ್ಲ. ಎರಡು ವಾರದಿಂದ ಒಂದು ಹಾಳೆಯೂ ಬಂದಿಲ್ಲ. ಹೋಗಿ ನೋಡಿದೆ. ಯಂತ್ರ ಸರಿ ಇತ್ತು. ಫೋನಿಗೂ ಫ್ಯಾಕ್ಸಿಗೂ ಇದ್ದದ್ದು ಒಂದೇ ಲೈನ್, ಅದೂ ಸರಿ ಇತ್ತು. ಯಜಮಾನರು ಮಾತ್ರ ಹೊಸ ಯಂತ್ರದ ಬೆಲೆ ಕೇಳುತ್ತಲೇ ಇದ್ದರು.

ಆಫೀಸಿನ ಮುಂಭಾಗದ ಮೇಜಿನಲ್ಲಿ ಫೋನ್ ನೋಡಿಕೊಳ್ಳುವ ಒಬ್ಬರು ಕೂತಿದ್ದರು. ಕೆಲಸಕ್ಕೆ ಸೇರಿ ಎರಡೇ ವಾರ. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಕೇಳಿದ್ದಕ್ಕೆ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ಬಂದ ಒಂದೊಂದು ಕರೆಯನ್ನೂ ಗಂಟೆ, ನಿಮಿಷದ ಸಮೇತ ಬರೆದಿಟ್ಟಿದ್ದರು. ನಡುನಡುವೆ ಹೀಗಿತ್ತು: "11:10, ಕುಯ್ ಎನ್ನುವ ಕರೆ. 11:15, ಕುಯ್. 11:20, ಮತ್ತೆ ಕುಯ್, ಮಾತಾಡಲಿಲ್ಲ."

ನನಗೆ ಖುಷಿಯಿಂದ ಕೂಗುವ ಹಾಗಾಯಿತು. ಫ್ಯಾಕ್ಸ್ ಕಳಿಸುವ ಯಂತ್ರ ಕರೆ ಮಾಡಿದಾಗ 1100 ಹರ್ಟ್ಸ್‌ನ ಒಂದು ಸದ್ದು ಮಾಡುತ್ತದೆ. ಅರ್ಧ ಸೆಕೆಂಡು ಸದ್ದು, ಮೂರು ಸೆಕೆಂಡು ಸುಮ್ಮನೆ, ಮತ್ತೆ ಸದ್ದು. 'ನಾನು ಫ್ಯಾಕ್ಸು, ಆ ಕಡೆ ಯಾರಾದರೂ ಫ್ಯಾಕ್ಸ್ ಇದ್ದೀರಾ' ಎಂದು ಕೇಳುವ ಸದ್ದು ಅದು. ಉತ್ತರ ಸಿಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಕರೆ ಮಾಡುತ್ತದೆ. ಈ ಆಫೀಸಿನ ಯಂತ್ರ ನಾಲ್ಕನೇ ರಿಂಗಿಗೆ ಎತ್ತುವ ಹಾಗೆ ಹೊಂದಿಸಿದ್ದರು. ಮೊದಲು ಆ ಮೇಜು ಖಾಲಿ ಇತ್ತು. ರಿಂಗ್ ಆಗಿ ಆಗಿ ಯಂತ್ರವೇ ಎತ್ತುತ್ತಿತ್ತು. ಈಗ ಇವರು ಮೊದಲನೇ ರಿಂಗಿಗೇ ಎತ್ತುತ್ತಿದ್ದರು. ಅಷ್ಟು ಚುರುಕು. ಫ್ಯಾಕ್ಸಿಗೆ ಸರದಿಯೇ ಬರುತ್ತಿರಲಿಲ್ಲ.

ಆ ಯಂತ್ರದಲ್ಲಿ ಒಂದು ಸೆಟ್ಟಿಂಗ್ ಇತ್ತು. ಜನ ಎತ್ತಿದರೂ ಆ ಸದ್ದು ಕೇಳಿದರೆ ಯಂತ್ರ ತಾನೇ ಕರೆ ತೆಗೆದುಕೊಳ್ಳುತ್ತದೆ. ಅದು ಆಫ್ ಆಗಿತ್ತು, ಆನ್ ಮಾಡಿದೆ. ಒಂದು ಪೈಸೆ ಖರ್ಚಾಗಲಿಲ್ಲ. ಆ ಸಂಜೆಯೇ 14 ಹಾಳೆ ಬಂತು.

ಅವತ್ತಿನಿಂದ ನನಗೆ ಒಂದು ಆಸೆ. ಯಾರಾದರೂ ನನ್ನ ಹತ್ತಿರ ಬಂದು, "ನಮ್ಮಲ್ಲಿ ಫೋನ್ ಎತ್ತುವವರು ಇವರು, ಇವರಿಗೆ ಏನು ಅನುಕೂಲ ಮಾಡಬೇಕು?" ಎಂದು ಕೇಳಬೇಕು. ಒಬ್ಬರೂ ಕೇಳಿಲ್ಲ. ದುಡ್ಡು ಕೊಡುವವರು ಕೇಳುತ್ತಾರೆ, ಎತ್ತುವವರನ್ನು ಕರೆದುಕೊಂಡೂ ಬರುವುದಿಲ್ಲ. ಎರಡು ಕರೆ ಒಟ್ಟಿಗೆ ಬಂದರೆ ಎರಡನೆಯದು ಎಲ್ಲಿಗೆ ಹೋಗುತ್ತದೆ? ಊಟಕ್ಕೆ ಎದ್ದಾಗ ಯಾರ ಮೇಜಿನಲ್ಲಿ ರಿಂಗ್ ಆಗಬೇಕು? ಆಫೀಸು ಮುಚ್ಚಿದ ಮೇಲೆ ಬಂದ ಕರೆಗೆ ಏನು ಕೇಳಿಸಬೇಕು? ಇವಕ್ಕೆ ಉತ್ತರ ಗೊತ್ತಿದ್ದರೆ ಎಷ್ಟು ಲೈನ್, ಎಷ್ಟು ಎಕ್ಸ್‌ಟೆನ್ಷನ್ (ಆ ಲೈನುಗಳನ್ನು ಹಂಚಿಕೊಳ್ಳುವ ಒಳಗಿನ ಫೋನು) ಬೇಕೆಂದು ಹತ್ತು ನಿಮಿಷದಲ್ಲಿ ಹೇಳಬಹುದು. ನಾಲ್ಕು ಜನರ ಆಫೀಸಿಗೆ ನಾಲ್ಕು ಲೈನ್ ಬೇಕಾಗುವುದು ತೀರಾ ಅಪರೂಪ. ಎರಡು ಸಾಕಾಗಿ ಉಳಿದ ದುಡ್ಡನ್ನು ಒಳ್ಳೆಯ ಹೆಡ್‌ಸೆಟ್‌ಗೆ ಹಾಕಿಸಿದ್ದೇನೆ, ಆ ಮೇಜಿನವರಿಗಾಗಿ.

ಇಂಟರ್‌ನೆಟ್ ಫೋನಿನ ಲೈನಿನಲ್ಲೇ ಫ್ಯಾಕ್ಸ್ ಯಂತ್ರ ಸಿಕ್ಕಿಸಿ, ಎರಡನೇ ಹಾಳೆಗೆ ನಿಂತುಹೋಯಿತು ಎಂದು ಬೈಯುವವರು ಜಾಸ್ತಿ. ಕಾರಣ ಕೇಳಿ. ಮಾತನ್ನು ನೆಟ್‌ನಲ್ಲಿ ಕಳಿಸುವಾಗ ಕೆಲವು ಕಡೆ ಹಿಂಡಿ ಚಿಕ್ಕದು ಮಾಡುತ್ತಾರೆ. ಜಿ.729 ಎನ್ನುವ ವಿಧಾನ 8 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 8 ಕಿಲೋಬಿಟ್‌ಗೆ, ಇಳಿಸುತ್ತದೆ. ಅದನ್ನು ಮನುಷ್ಯರ ದನಿಗೆಂದೇ ಮಾಡಿದ್ದು. ನಮ್ಮ ಕಿವಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಫ್ಯಾಕ್ಸಿನ ಸದ್ದು ಮಾತ್ರ ಕಲಸಿಹೋಗುತ್ತದೆ. ಹಿಂಡದೆ ಕಳಿಸುವ ಜಿ.711 ಕೇಳಿ. ಅದು ಒಂದು ಕರೆಗೆ 64 ಕೆಬಿಪಿಎಸ್, ನೆಟ್‌ನಲ್ಲಿ ಸಾಗಿಸಲು ಹಾಕುವ ವಿಳಾಸದ ಹೊದಿಕೆ ಎಲ್ಲ ಸೇರಿ 90ರ ಒಳಗೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೂ 400 ಕೆಬಿಪಿಎಸ್ ದಾಟುವುದಿಲ್ಲ. ಫ್ಯಾಕ್ಸಿಗೆಂದೇ ಟಿ.38 ಎಂಬ ವಿಧಾನ ಇದೆ. ಸೇವೆ ಕೊಡುವವರಲ್ಲೂ ಇರಬೇಕು, ಫ್ಯಾಕ್ಸ್ ಯಂತ್ರವನ್ನು ನೆಟ್‌ಗೆ ಜೋಡಿಸುವ ನಿಮ್ಮ ಅಡಾಪ್ಟರಿನಲ್ಲೂ ಇರಬೇಕು. ಒಂದು ಕಡೆ ಇದ್ದರೆ ಸಾಲದು. ಇಷ್ಟಾದರೂ ತೊಂದರೆ ಕೊಟ್ಟರೆ ಯಂತ್ರದ ವೇಗವನ್ನು ಸೆಕೆಂಡಿಗೆ 14400 ಬಿಟ್‌ನಿಂದ 9600ಕ್ಕೆ ಇಳಿಸಿ ನೋಡಿ. ನಿಧಾನ ಆಗುತ್ತದೆ, ಆದರೆ ಎಷ್ಟೋ ಸಲ ತಲುಪುತ್ತದೆ.

ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂದೂ ಯೋಚಿಸಿ. ತಾಮ್ರದ ಲೈನಿಗೆ ಫೋನ್ ಕಂಪನಿಯ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತದೆ, ಸಾದಾ ಫೋನ್ ಕತ್ತಲಲ್ಲೂ ನಡೆಯುತ್ತದೆ. ಇಂಟರ್‌ನೆಟ್ ಫೋನ್ ರೂಟರ್ ಜೊತೆಗೇ ಸತ್ತುಹೋಗುತ್ತದೆ. ರೂಟರಿಗೆ, ಅಡಾಪ್ಟರಿಗೆ ಚಿಕ್ಕ ಯುಪಿಎಸ್ ಇಡಿ.

ಹಳೆಯ ನಂಬರನ್ನು ಹೊಸ ಕಂಪನಿಗೆ ಒಯ್ಯಲು ಅವಕಾಶ ಇದ್ದು, ಒಯ್ಯುವುದಿದ್ದರೆ, ಅದು ಪೂರ್ತಿ ಆಗುವವರೆಗೆ ಹಳೆಯ ಲೈನ್ ಕಟ್ ಮಾಡಿಸಬೇಡಿ. ದಯವಿಟ್ಟು ಮಾಡಿಸಬೇಡಿ. ಒಂದು ತಿಂಗಳ ಬಾಡಿಗೆ ಉಳಿಸಲು ಹೋಗಿ ಇಪ್ಪತ್ತು ವರ್ಷದ ನಂಬರ್ ಕಳೆದುಕೊಂಡವರ ಮುಖ ನೋಡಿದ್ದೇನೆ.

ಇನ್ನೂ ನನ್ನನ್ನೇ ಕೇಳಬೇಕು ಅನಿಸಿದರೆ ಒಂದು ಕೆಲಸ ಮಾಡಿ ಬನ್ನಿ. ಒಂದು ವಾರ, ಬಂದ ಕರೆ, ತಪ್ಪಿದ ಕರೆ, ಫ್ಯಾಕ್ಸಿನ ಹಾಳೆ, ಎಲ್ಲ ಬರೆದಿಡಲು ಮುಂಭಾಗದ ಮೇಜಿನವರಿಗೆ ಒಂದು ನೋಟ್‌ಬುಕ್ ಕೊಡಿ. ಬರುವಾಗ ಆ ಪುಸ್ತಕದ ಜೊತೆಗೆ ಅವರನ್ನೂ ಕರೆತನ್ನಿ. ಯಂತ್ರದ ಹೆಸರು ಆಗ ಹೇಳುತ್ತೇನೆ.