ಮೆಡಲ್ ಹೇಗೂ ಕೊಡ್ತಾರೆ

"ಆಂಟಿ, ಹತ್ಬಿಡಿ. ಮೆಡಲ್ ಹೇಗೂ ಕೊಡ್ತಾರೆ."

ಭಾನುವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕುಕ್ಕರ್ ಕೂಗುವಾಗ ಕೇಳಿಸುತ್ತದೆ, ಮೆಟ್ರೋದಲ್ಲಿ ನಿಂತಾಗ ಕೇಳಿಸುತ್ತದೆ. ಹೇಳಿದ ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಮೈಗಿಂತ ದೊಡ್ಡ ವಾಲಂಟಿಯರ್ ಟೀಶರ್ಟು, ಕೊರಳಲ್ಲಿ ಸೀಟಿ, ಬಿಸಿಲಿಗೆ ಕೆಂಪಾದ ಮುಖ. ಬೆಳಗಿನ ಜಾವದಿಂದ ಅಲ್ಲೇ ನಿಂತಿದ್ದಾನೆ ಪಾಪ. ಅವನ ದನಿಯಲ್ಲಿ ಕೊಂಕಿರಲಿಲ್ಲ. ನನ್ನ ಮೇಲೆ ಕನಿಕರ ಇತ್ತು. ಅದಕ್ಕೇ ಇರಬೇಕು, ಇಷ್ಟು ಚುಚ್ಚುತ್ತಿರುವುದು.

ಬೆಂಗಳೂರಿನ ಹೊರಗೆ, ತೋಟಗಳ ನಡುವಿನ ರಸ್ತೆಯಲ್ಲಿ ನಡೆದ ಹಾಫ್ ಮ್ಯಾರಥಾನ್ ಅದು. 21.1 ಕಿಲೋಮೀಟರ್. ಬೆಳಿಗ್ಗೆ 6ಕ್ಕೆ ಶುರು, ಕಟ್-ಆಫ್ ಮೂರೂವರೆ ಗಂಟೆ. ಅಂದರೆ 9.30ರ ತನಕ ರಸ್ತೆಯಲ್ಲಿ ನೀರು ಇರುತ್ತೆ, ಜನ ಇರ್ತಾರೆ, ಕೊನೆಯಲ್ಲಿ ನಾವು ದಾಟಿದ ಹೊತ್ತನ್ನು ದಾಖಲಿಸುವ ಟೈಮಿಂಗ್ ಮ್ಯಾಟ್ ಇರುತ್ತೆ ಅಂತ ದುಡ್ಡು ಕಟ್ಟಿಸಿಕೊಳ್ಳುವಾಗಲೇ ಒಪ್ಪಿಕೊಂಡಿದ್ದಾರೆ. ನಾನು 17ನೇ ಕಿಲೋಮೀಟರಿನ ಬೋರ್ಡ್ ದಾಟಿದಾಗ 8.42. ಉಳಿದಿದ್ದು ನಾಲ್ಕು ಕಿಲೋಮೀಟರ್ ಚಿಲ್ಲರೆ, ಕೈಯಲ್ಲಿ 48 ನಿಮಿಷ. ಬಿರುಸಾಗಿ ನಡೆದರೂ ಸಾಕು, ಮುಟ್ಟಬಹುದು. ಅಷ್ಟರಲ್ಲಿ ಹಿಂದಿನಿಂದ ಮಿನಿ ಬಸ್ ಬಂತು, ಪಕ್ಕದಲ್ಲೇ ನಿಧಾನ ಮಾಡಿತು, ಆ ಹುಡುಗ ಬಾಗಿಲಿನಿಂದ ಬಗ್ಗಿ ಕೈ ಚಾಚಿದ.

"ಟೈಮ್ ಇದೆಯಲ್ಲಪ್ಪಾ ಇನ್ನೂ" ಅಂದೆ.

"ಇದೆ ಆಂಟಿ, ಆದ್ರೆ ಎಲ್ಲಾ ಪ್ಯಾಕ್ ಮಾಡ್ತಿದ್ದಾರೆ. ಹತ್ಬಿಡಿ. ಮೆಡಲ್ ಹೇಗೂ ಕೊಡ್ತಾರೆ."

ಕಿಟಕಿಗಳಲ್ಲಿ ನಮ್ಮವರೇ ಕೂತಿದ್ದರು. ಎದೆ ಮೇಲೆ ಬಿಬ್, ಅಂದರೆ ಓಟದ ನಂಬರಿನ ಚೀಟಿ, ಇನ್ನೂ ಹಾಗೇ ಇದೆ. ಒಬ್ಬಾಕೆ ಶೂ ಬಿಚ್ಚಿ ಕಾಲ್ಬೆರಳು ಒತ್ತಿಕೊಳ್ಳುತ್ತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ಜೊತೆ ಹನ್ನೊಂದನೇ ಕಿಲೋಮೀಟರಿನಿಂದ ಬರುತ್ತಿದ್ದ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಒಂದು ಕ್ಷಣ ನನ್ನನ್ನು ನೋಡಿದರು, ಬಸ್ ನೋಡಿದರು, ಹತ್ತಿಬಿಟ್ಟರು. ಹತ್ತುವ ಮುಂಚೆ ಜೇಬಿನಿಂದ ಅರ್ಧ ಕಡಲೆಕಾಯಿ ಚಿಕ್ಕಿ ತೆಗೆದು ನನ್ನ ಕೈಗಿಟ್ಟರು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದು, ಬೆವರಿಗೆ ಮೆತ್ತಗಾಗಿತ್ತು. ನಾನು ಹತ್ತಲಿಲ್ಲ.

ಯಾಕೆ ಹತ್ತಲಿಲ್ಲ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಳೆದ ಮಳೆಗಾಲದ ತನಕ ನಾನು ಇದೇ ದೂರವನ್ನು ಎರಡೂಕಾಲು ಗಂಟೆಯ ಒಳಗೆ ಮುಗಿಸುತ್ತಿದ್ದೆ. ಲಾಲ್‌ಬಾಗ್‌ನಲ್ಲಿ ವಾರದ ಓಟ, ಶನಿವಾರ ಜಯನಗರ-ಬಸವನಗುಡಿ ಸುತ್ತಿ ಲಾಂಗ್ ರನ್, ಆಮೇಲೆ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ. ನಲವತ್ತು ದಾಟಿದ ಮೇಲೆ ನನ್ನ ಪಾಲಿಗೆ ಬಂದ ದೊಡ್ಡ ಸಂತೋಷ ಅದು. ಆಮೇಲೆ ಚಿಕೂನ್‌ಗುನ್ಯ ಬಂತು. 2006ರಲ್ಲಿ ಕರ್ನಾಟಕದಲ್ಲಿ ಲಕ್ಷಾಂತರ ಜನ ಮಲಗಿದ್ದರಲ್ಲ, ಆಗ ಅಮ್ಮನಿಗೂ ಬಂದಿತ್ತು. ಅಮ್ಮ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದುದು ನೆನಪಿದೆ. ಜ್ವರ ಕೆಲವೇ ದಿನಕ್ಕೆ ಬಿಡುತ್ತೆ, ಕೀಲುಗಳನ್ನು ಮಾತ್ರ ಬಿಡಲ್ಲ. ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ನನಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗುತ್ತಿರಲಿಲ್ಲ. ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆಯಲು ಮಗಳನ್ನು ಕರೆಯಬೇಕಿತ್ತು. ಮೊದಲ ಸಲ ಮತ್ತೆ ಶೂ ಹಾಕಿದ ದಿನ ಲೇಸ್ ಕಟ್ಟಿದ್ದು ಅವಳೇ. ಎರಡು ಗಂಟು ಹಾಕಿ, ಎಳೆದು ನೋಡಿ, "ಟೈಟ್ ಆಯ್ತಾ?" ಅಂತ ಕೇಳಿದಳು.

ಓಡದೇ ಕೂತರೆ ದೇಹ ಬಹಳ ಬೇಗ ಇಳಿಯುತ್ತೆ. ಎರಡು ವಾರದೊಳಗೇ ರಕ್ತದ ದ್ರವದ ಅಂಶ ಕಡಿಮೆಯಾಗಿ, ಹೃದಯ ಅದೇ ಕೆಲಸಕ್ಕೆ ಜಾಸ್ತಿ ಬಡಿದುಕೊಳ್ಳಬೇಕಾಗುತ್ತೆ. ಮತ್ತೆ ಶುರು ಮಾಡಿದರೆ ಉಸಿರು ಸಾಕಷ್ಟು ಬೇಗ ವಾಪಸ್ ಬರುತ್ತೆ, ಆದರೆ ಮೂಳೆಗೆ ಅಂಟಿದ ಸ್ನಾಯುರಜ್ಜು, ಹಿಮ್ಮಡಿ ಇವೆಲ್ಲ ಅಷ್ಟು ಬೇಗ ತಯಾರಾಗುವುದಿಲ್ಲ. ವಾಪಸ್ ಬಂದ ಓಟಗಾರರು ಪೆಟ್ಟು ಮಾಡಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಉಸಿರು ಹೂಂ ಅನ್ನುತ್ತೆ, ಹಿಮ್ಮಡಿ ಊಹೂಂ ಅನ್ನುತ್ತೆ. ನಾನು ಹಿಮ್ಮಡಿಯ ಮಾತು ಕೇಳಿದೆ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಸಾವಿರಾರು ಜನರಿಗೆ ಕಲಿಸಿದ ಪದ್ಧತಿ ಅದು. ನಮ್ಮಲ್ಲಿ ಮಾತ್ರ ಓಟದ ನಡುವೆ ನಡೆದರೆ ಸೋತ ಹಾಗೆ ನೋಡುತ್ತಾರೆ. ಲಾಲ್‌ಬಾಗ್‌ನ ಬಂಡೆ ಹತ್ತಿರ ನಡೆಯುತ್ತಿದ್ದರೆ "ಯಾಕ್ ಮೇಡಂ, ಸುಸ್ತಾ?" ಅಂತ ಕೇಳುವ ಒಬ್ಬ ಪರಿಚಿತರಿದ್ದಾರೆ. ಅವರು ಎಂದೂ ನನ್ನ ಆರೋಗ್ಯ ಕೇಳಿದವರಲ್ಲ. ಅವರಿಗೆ ತಾವು ಮುಂದೆ ಹೋದದ್ದು ನನಗೆ ಗೊತ್ತಾಗಬೇಕು, ಅಷ್ಟೇ.

ದೇಹಕ್ಕಿಂತ ಮನಸ್ಸಿನ ಏರಿಳಿತ ಕಷ್ಟ. ಒಂದು ವಾರ ಐದು ಗಂಟೆಗೆ ಅಲಾರಾಂ ಇಲ್ಲದೇ ಎಚ್ಚರ. ಇನ್ನೊಂದು ವಾರ ಶೂ ಸ್ಟ್ಯಾಂಡ್ ಕಡೆ ನೋಡಿದರೇ ಸಂಕಟ. ವಾಟ್ಸಾಪ್ ಗುಂಪಿನಲ್ಲಿ ಬೇರೆಯವರ ಓಟದ ಮ್ಯಾಪು, ಪೇಸು, ಬೆವರಿನ ಸೆಲ್ಫಿ. ಗುಂಪನ್ನು ಮ್ಯೂಟ್ ಮಾಡಿದೆ, ಮತ್ತೆ ತೆಗೆದೆ. ಹಳೆಯ ವೇಗ ವಾಚಿನೊಳಗೆ ಕೂತಿರುತ್ತೆ ನೋಡಿ. ಹೋದ ವರ್ಷ ಇದೇ ದಿನ ಎಷ್ಟು ಓಡಿದ್ದೆ ಅಂತ ಕೇಳದೇನೇ ತೋರಿಸುತ್ತೆ. ಆಗೆಲ್ಲ ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ. ಮೋಟಿವೇಶನ್ ಬೇಕು ಅಂತಾರಲ್ಲ, ನನಗೆ ಅದು ಯಾರ ಭಾಷಣದಿಂದಲೂ ಬಂದಿಲ್ಲ. ಓಡಿ ಮುಗಿಸಿದ ಮೇಲೆ ಬಂದಿದೆ, ಓಡುವ ಮುಂಚೆ ಅಲ್ಲ. ಅದಕ್ಕೇ ಈ ಹಾಫ್‌ಗೆ ಹೆಸರು ಕೊಟ್ಟೆ. ವೇಗ ಬೇಡ, ಇಡೀ ದೂರವನ್ನು ನನ್ನ ಕಾಲು ಮತ್ತೆ ಒಂದು ಸಲ ದಾಟಬೇಕು. ಕಟ್-ಆಫ್ ಲೆಕ್ಕ ಹಾಕಿಯೇ ಹೆಸರು ಕೊಟ್ಟಿದ್ದೆ.

ಈಗ ಹೇಳಿ, ಮೆಡಲ್ ಹೇಗೂ ಕೊಡ್ತಾರೆ ಅಂದರೆ ಏನರ್ಥ?

ಆ ಹುಡುಗನ ಲೆಕ್ಕದಲ್ಲಿ ನಾನು ಬಂದಿರುವುದು ಮೆಡಲ್‌ಗೆ. ಮೆಡಲ್ ಸಿಗುತ್ತೆ ಅಂದಮೇಲೆ ಬಿಸಿಲಲ್ಲಿ ಯಾಕೆ ಸಾಯಬೇಕು? ಹಾಗೆ ಯೋಚಿಸಲು ಅವನಿಗೆ ಕಲಿಸಿದವರು ಯಾರು? ಅವನು ಸ್ವತಃ ಓಡುತ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ ಓಡಿಸುವವರಿಗೆ ಗೊತ್ತಿರಬೇಕಲ್ವಾ? ಹಿಂದಿನವರನ್ನು ಬೇಗ ಗುಡಿಸಿ ತುಂಬಿಕೊಂಡು ಬಾ ಅಂತ ಅವನಿಗೆ ಹೇಳಿದವರು ಯಾರೋ ಟೆಂಟಿನ ನೆರಳಲ್ಲಿ ಕೂತಿದ್ದಾರೆ. ಸಿಟ್ಟು ನನಗೆ ಅವರ ಮೇಲೆ.

ಬಸ್ ಹೋದ ಮೇಲಿನ ರಸ್ತೆ ಬೇರೆಯೇ ಆಗಿತ್ತು. 18ರ ಹತ್ತಿರ ನೀರಿನ ಮೇಜು ಮಡಚಿಟ್ಟಿದ್ದರು. ನೆಲದ ಮೇಲೆ ಒದ್ದೆ ಪೇಪರ್ ಕಪ್ಪು, ಕಿತ್ತಳೆ ಸಿಪ್ಪೆ. ತರಕಾರಿ ತುಂಬಿದ ಟೆಂಪೋಗಳು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಗುತ್ತಿದ್ದವು. ಮುಂದಿನವರಿಗೆ ಸಿಕ್ಕ ಚಪ್ಪಾಳೆ, ಐಸು, ಎಲೆಕ್ಟ್ರಾಲ್ ಯಾವುದೂ ಇಲ್ಲ. ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಷಿಕಾಗೊದಲ್ಲಿ ಪೂರ್ತಿ ಮ್ಯಾರಥಾನ್, 42.195 ಕಿಲೋಮೀಟರ್, 2 ಗಂಟೆ 35 ಸೆಕೆಂಡಿನಲ್ಲಿ ಮುಗಿಸಿದ. ಅಷ್ಟು ಹೊತ್ತಿಗೆ ನಾನು 13 ಕಿಲೋಮೀಟರ್ ಕೂಡ ಮುಟ್ಟಿರುವುದಿಲ್ಲ. ಅವನ ಓಟ ನೋಡಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ. 24ನೇ ವಯಸ್ಸಿಗೇ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಆದರೆ ಒಂದು ಸಾದಾ ಮಾತು ನೋಡಿ: ಯಾವ ಓಟದಲ್ಲೂ ಜಾಸ್ತಿ ಹೊತ್ತು ಬಿಸಿಲಲ್ಲಿ ಇರುವವರು ನಿಧಾನದವರು. ನೀರು ಜಾಸ್ತಿ ಬೇಕಾಗಿರುವುದು ಅವರಿಗೆ. ಅವರು ಬರುವಾಗಲೇ ನೀರು ಖಾಲಿ. ಸೋಮವಾರದಿಂದ ಇದನ್ನು ಎಷ್ಟು ಜನಕ್ಕೆ ಹೇಳಿದೆನೋ. "ನಿಜ ನಿಜ" ಅಂದು ಬೇರೆ ಮಾತಿಗೆ ಹೋಗುತ್ತಾರೆ.

ಒಂದು ಹೆಂಗಸು ಮಾತ್ರ ನಿಂತು ನೋಡಿದಳು. ಟೊಮೆಟೊ ಕ್ರೇಟ್ ಜೋಡಿಸುತ್ತಿದ್ದವಳು. "ಎಲ್ಲಾ ಓಗಾಯ್ತಲ್ಲಕ್ಕಾ" ಅಂದಳು. ನಾನು "ನಾನು ಇನ್ನೂ ಇದ್ದೀನಲ್ಲ" ಅಂದೆ. ಬಿಂದಿಗೆಯಿಂದ ಚೊಂಬಿನಲ್ಲಿ ನೀರು ಕೊಟ್ಟಳು. ಅರ್ಧ ಕುಡಿದೆ, ಅರ್ಧ ತಲೆಗೆ ಸುರಿದುಕೊಂಡೆ.

9.24ಕ್ಕೆ ಮುಟ್ಟಿದೆ. ಕಟ್-ಆಫ್‌ಗೆ ಇನ್ನೂ ಆರು ನಿಮಿಷ ಇತ್ತು. ಗಾಳಿ ತುಂಬಿದ ಫಿನಿಶ್ ಕಮಾನು ನೆಲಕ್ಕೆ ಬಿದ್ದಿತ್ತು, ಅದರ ಮೇಲೆ ಇಬ್ಬರು ಮಂಡಿಯೂರಿ ಗಾಳಿ ತೆಗೆಯುತ್ತಿದ್ದರು. ಟೈಮಿಂಗ್ ಮ್ಯಾಟ್ ಸುರುಳಿ ಸುತ್ತಿ ಲಾರಿಗೆ ಹಾಕಿಯಾಗಿತ್ತು. ಒಂದು ರಟ್ಟಿನ ಪೆಟ್ಟಿಗೆಯಿಂದ ಒಬ್ಬರು ಮೆಡಲ್ ತೆಗೆದು ನನ್ನ ಕೈಗೆ ಹಾಕಿದರು, ಮೊಬೈಲ್‌ನಲ್ಲಿ ಮಾತಾಡುತ್ತಲೇ. ಹುಡುಗ ಹೇಳಿದ್ದು ಅಕ್ಷರಶಃ ಸರಿ. ಹೇಗೂ ಕೊಟ್ಟರು. ಬಸ್ಸಲ್ಲಿ ಬಂದವರಿಗೂ ಅದೇ ಪೆಟ್ಟಿಗೆ.

ಸಂಜೆ ಫಲಿತಾಂಶ ಬಂತು. ನನ್ನ ಹೆಸರಿನ ಮುಂದೆ ಡಿಎನ್ಎಫ್. ಮುಗಿಸಿಲ್ಲ ಅಂತ.

ಅದನ್ನು ನೋಡಿದಾಗ ನಿಜವಾಗಿ ಅತ್ತೆ. ಗುಂಪಿನಲ್ಲಿ ಹಾಕಿದಾಗ ಸಮಾಧಾನದ ಸುರಿಮಳೆ. "ಮೆಡಲ್ ಬಂತಲ್ಲ ಬಿಡಿ." "ಫೋಟೋ ಹಾಕಿ, ಯಾರಿಗೆ ಗೊತ್ತಾಗುತ್ತೆ." ಮನೆಯವರೂ "ಸುಮ್ನೆ ತಲೆ ಕೆಡಿಸ್ಕೊಬೇಡ" ಅಂದರು. ಎಲ್ಲರೂ ಆ ಹುಡುಗನ ಮಾತನ್ನೇ ಬೇರೆ ಬೇರೆ ರೀತಿ ಹೇಳುತ್ತಿದ್ದಾರೆ ಅನ್ನಿಸಿತು. ನನಗೆ ಬೇಕಾಗಿದ್ದು ಒಂದು ಸಾಲು. ಇಂಥವಳು ಇಷ್ಟು ಹೊತ್ತಿಗೆ ಮುಟ್ಟಿದಳು ಅಂತ. ಡಬ್ಬಿ ಮುಚ್ಚಳ ತೆಗೆಯಲಾಗದ ಬೆರಳಿನಿಂದ ಇಲ್ಲಿಗೆ ಬಂದಿದ್ದೀನಿ, ಅದನ್ನು ಒಂದು ಕಡೆ ಬರೆದಿಡಿ ಅಂತ.

1967ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಓಡುವಾಗ ಒಬ್ಬ ಅಧಿಕಾರಿ ಹಿಂದಿನಿಂದ ಬಂದು ಅವಳ ಬಿಬ್ ಕಿತ್ತುಕೊಳ್ಳಲು ನೋಡಿದ್ದು ಬಹಳ ಓಟಗಾರರಿಗೆ ಗೊತ್ತು. ಆ ಫೋಟೋ ಎಲ್ಲರೂ ನೋಡಿರುತ್ತಾರೆ. ಅವಳು ಓಡಿ ಮುಗಿಸಿದಳು. ಆದರೂ ಆ ಓಟ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡಿದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬಂದಿದ್ದು 1984ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. 1928ರಲ್ಲಿ 800 ಮೀಟರ್ ಓಡಿಸಿ, ಹೆಂಗಸರಿಗೆ ಇದು ಜಾಸ್ತಿ ಆಯ್ತು ಅಂತ ತೆಗೆದುಹಾಕಿದವರು ಮತ್ತೆ 1960ರ ತನಕ ಆ ಓಟ ಇಡಲೇ ಇಲ್ಲ. ನನ್ನದನ್ನು ಅದಕ್ಕೆ ಹೋಲಿಸುತ್ತಿಲ್ಲ, ನನ್ನ ಬಿಬ್ ಯಾರೂ ಕೀಳಲಿಲ್ಲ. ಆದರೆ "ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೀವಿ" ಅಂತ ರಸ್ತೆಯಿಂದ ಪಕ್ಕಕ್ಕೆ ಕರೆಯುವ ದನಿ ಮಾತ್ರ ನಮಗೆಲ್ಲ ಚೆನ್ನಾಗಿ ಪರಿಚಯ. ಬಾಣಂತನದಲ್ಲಿ ಕೇಳಿದ್ದೇವೆ, ಆಫೀಸಿನಲ್ಲಿ ಕೇಳಿದ್ದೇವೆ. ನಲವತ್ತಾದ ಮೇಲಂತೂ ಎಲ್ಲ ಕಡೆಯಿಂದಲೂ ಅದೇ. ಮಂಡಿ ಸವೆಯುತ್ತೆ, ಮನೇಲೇ ವಾಕ್ ಮಾಡು, ಯೋಗ ಸಾಕು. ಬಸ್ ಯಾವಾಗಲೂ ಪಕ್ಕದಲ್ಲೇ ನಿಧಾನವಾಗಿ ಬರುತ್ತಿರುತ್ತೆ. ಹತ್ತಿದವರನ್ನು ನಾನು ಖಂಡಿತ ದೂರುವುದಿಲ್ಲ. ಕಾಲು ನೋಯುವಾಗ, ಬಾಗಿಲು ತೆರೆದು ಯಾರೋ ಪ್ರೀತಿಯಿಂದ ಕರೆದಾಗ, ಹತ್ತದೇ ಇರುವುದು ಕಷ್ಟ.

ಸಂಘಟಕರಿಗೆ ಮೇಲ್ ಬರೆದೆ. ವಾಚಿನ ದಾಖಲೆ, ಮ್ಯಾಪು ಎಲ್ಲ ಕಳಿಸಿದೆ. "ತಮ್ಮ ಸಲಹೆಗೆ ಧನ್ಯವಾದ, ಮುಂದಿನ ವರ್ಷ ಗಮನಿಸುತ್ತೇವೆ" ಅಂತ ಉತ್ತರ ಬಂದಿದೆ. ಸಲಹೆ ಅಲ್ಲ ಅದು ಅಂತ ಮತ್ತೆ ಬರೆದಿದ್ದೇನೆ. ಕಟ್-ಆಫ್ ಮೂರೂವರೆ ಗಂಟೆ ಅಂದರೆ ಮೂರೂವರೆ ಗಂಟೆ. ಆಗಲ್ಲ ಅನ್ನುವುದಾದರೆ ಮೂರು ಅಂತ ಮೊದಲೇ ಹಾಕಿ, ನಾನು ಹೆಸರು ಕೊಡಲ್ಲ, ಜಗಳವೂ ಇರಲ್ಲ. ಹಾಕಿದ ಮೇಲೆ ಕೊನೆಯವರು ಬರುವ ತನಕ ನೀರಿನ ಮೇಜಿನಲ್ಲಿ ಒಬ್ಬರು, ಮ್ಯಾಟಿನ ಹತ್ತಿರ ಒಬ್ಬರು ಇರಲೇಬೇಕು. ಹಿಂದೆ ಬರುವ ಬಸ್ಸು ಬೇಕು, ನಿಜವಾಗಿ ಬೇಕು. ಬಿಸಿಲಿಗೆ ತಲೆ ತಿರುಗಿ ಬಿದ್ದವರನ್ನು ನಾನೇ ನೋಡಿದ್ದೇನೆ. ಆದರೆ ಆ ಬಸ್ಸಿನಲ್ಲಿರುವವರು ಮೊದಲು ಕೇಳಬೇಕಾದ್ದು "ಹೇಗಿದ್ದೀರಿ, ನೀರು ಬೇಕಾ?" ಅಂತ.

ನಿನ್ನೆ ಸಂಜೆ ಚಿಕ್ಕಿ ಕೊಟ್ಟವರು ಫೋನ್ ಮಾಡಿದ್ದರು. ನಂಬರ್ ಹೇಗೋ ಗುಂಪಿನವರಿಂದ ಹುಡುಕಿದ್ದಾರೆ. ನಾನು ಮುಗಿಸಿದೆನಾ ಅಂತ ಅವರಿಗೆ ತಿಳಿಯಬೇಕಿತ್ತು. ಮುಗಿಸಿದೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಉಳಿದ ನಾಲ್ಕು ಕಿಲೋಮೀಟರ್ ನಿದ್ದೆ ಕೆಡಿಸುತ್ತಿದೆ, ಮೆಡಲ್ ಮೊಮ್ಮಗನಿಗೆ ಕೊಟ್ಟುಬಿಟ್ಟೆ, ಅದನ್ನು ನೋಡಕ್ಕಾಗಲ್ಲ ಅಂದರು. ಅದೇ ರಸ್ತೆಯಲ್ಲಿ ಅಷ್ಟೂ ದೂರ ಓಡಬೇಕಂತೆ, ಬರ್ತೀರಾ ಅಂದರು. ನನ್ನ ಎಡ ಹಿಮ್ಮಡಿ ಬೆಳಿಗ್ಗೆ ನೆಲಕ್ಕಿಟ್ಟರೆ ಇನ್ನೂ ಚುರುಕ್ ಅನ್ನುತ್ತಿದೆ, ಮೂರು ವಾರ ಬಿಟ್ಟು ಬರ್ತೀನಿ ಅಂದೆ. ಅವರು ಐದೂವರೆಗೆ ಶುರು ಮಾಡೋಣ ಅಂದರು, ನಾನು ಐದಕ್ಕೇ ಮಾಡೋಣ ಅಂದೆ, ಒಂಬತ್ತರ ಬಿಸಿಲು ಆ ರಸ್ತೆಯಲ್ಲಿ ಹೇಗಿರುತ್ತೆ ಅಂತ ನನಗೆ ಗೊತ್ತು.